ಮಂಡಕಳ್ಳಿಯ ನೀಟಪ್ಪ

ಮೈಸೂರಿನಿಂದ ನಂಜನಗೂಡು ರಸ್ತೆಯಲ್ಲಿ ಹೊರಟವರಿಗೆ ಮಂಡಕಳ್ಳಿ ಅಂದರೆ ವಿಮಾನ ನಿಲ್ದಾಣ. 2010ರಲ್ಲಿ ಅಲ್ಲಿಂದ ಪ್ರಯಾಣಿಕರ ವಿಮಾನ ಹಾರಿದ್ದು, ಆಮೇಲೆ ನಿಂತದ್ದು, ಮತ್ತೆ ಹಾರಿದ್ದು, ರನ್‌ವೇ ಉದ್ದ ಮಾಡಬೇಕಾದರೆ ಹೆದ್ದಾರಿಯನ್ನು ಏನು ಮಾಡುವುದೆಂಬ ಮುಗಿಯದ ಚರ್ಚೆ, ಎಲ್ಲವೂ ಪೇಪರಿನಲ್ಲಿ ಬಂದಿವೆ. ಬಾರದೆ ಉಳಿದಿರುವುದು ನೀಟಪ್ಪನವರ ಸಂಗತಿ.

ರೇಷನ್ ಕಾರ್ಡಿನಲ್ಲಿ ಅವರ ಹೆಸರು ಬೇರೆ. ಮಗಳು ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ಗೆಂದು ಪಿಯುಸಿಗೆ ಪಿಸಿಎಂಬಿ ತಗೊಂಡ ವಾರದಲ್ಲೇ ಊರು ಈ ಹೆಸರು ಇಟ್ಟಿತು, ಅವರಿಗೂ ಒಳಗೊಳಗೇ ಹಿಡಿಸಿತು. ಇಂಥವರು ಕುವೆಂಪುನಗರದಲ್ಲಿ ಬೀದಿಗೊಬ್ಬರು ಸಿಗುತ್ತಾರೆ, ಮಂಗಳೂರಿನ ಕಡೆ ಭಾನುವಾರ ಹಾಸ್ಟೆಲ್ ಗೇಟಿನ ಮುಂದೆ ಗುಂಪಾಗಿಯೇ ಸಿಗುತ್ತಾರೆ. ಮಂಡಕಳ್ಳಿಯವರನ್ನು ಆರಿಸಿಕೊಳ್ಳಲು ಕಾರಣವಿದೆ. ಉಳಿದವರು ಕೋಚಿಂಗ್ ಸೆಂಟರಿಗೆ ದುಡ್ಡು ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಇವರು 'ಮೆಟೀರಿಯಲ್' ಹುಡುಕಲು ಸ್ವತಃ ಹೊರಟವರು.

ನಂಜನಗೂಡು ರಸ್ತೆಯ ಒಂದು ಕಾರ್ಖಾನೆಯಲ್ಲಿ ಅವರಿಗೆ ಪಾಳಿ ಕೆಲಸ. ಬೆಳಗಿನ ಪಾಳಿ ಮುಗಿದರೆ ಟಿವಿಎಸ್ ಎಕ್ಸೆಲ್ ಮನೆಯ ಕಡೆ ತಿರುಗದೆ ಸರಸ್ವತಿಪುರಂ ಕಡೆ ತಿರುಗುತ್ತದೆ. ಅಲ್ಲಿನ ಜೆರಾಕ್ಸ್ ಅಂಗಡಿಯ ಹುಡುಗನಿಗೆ ಇವರ ಹೆಲ್ಮೆಟ್ ಕಂಡರೇ ಸಾಕು, ಸ್ಪೈರಲ್ ಬೈಂಡಿಂಗ್ ಮಿಷನ್ನಿನ ಧೂಳು ಒರೆಸುತ್ತಾನೆ. ರಾಜಸ್ಥಾನದ ಕೋಟಾದಿಂದ ಬಂದದ್ದೆಂದು ಹೇಳಲಾಗುವ ಒಂದು ಕಟ್ಟು, ಆಂಧ್ರದ ಕಡೆಯದೆಂಬ ಇನ್ನೊಂದು, ಯಾರದೋ ಟೆಲಿಗ್ರಾಂನಿಂದ ಇಳಿಸಿಕೊಂಡು ಅರ್ಧ ಪುಟ ಕತ್ತರಿಸಿಹೋದ ಮತ್ತೊಂದು. ಮನೆಯಲ್ಲಿ ಮಂಚದ ಕೆಳಗಿದ್ದ ರಾಗಿ ಮೂಟೆ ಅಟ್ಟಕ್ಕೇರಿ, ಆ ಜಾಗಕ್ಕೆ ಕ್ವೆಶ್ಚನ್ ಬ್ಯಾಂಕುಗಳು ಬಂದಿವೆ. ರಾಗಿಗೆ ಹುಳ ಬೀಳುವ ಭಯವಾದರೂ ಇತ್ತು, ಇವಕ್ಕೆ ಅದೂ ಇಲ್ಲ ಎಂದು ಅವರ ಹೆಂಡತಿ ಪಕ್ಕದ ಮನೆಯಲ್ಲಿ ಹೇಳಿಕೊಂಡಿದ್ದಾರೆ.

ಇಷ್ಟೆಲ್ಲ ಹುಡುಕಾಟ ಯಾವ ಪರೀಕ್ಷೆಗೋ ಆ ನೀಟ್‌ನಲ್ಲಿ, ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳುವ ಓದುವ ವಿಭಾಗ ಅಂತ ಒಂದಿಲ್ಲ. ಪ್ರಶ್ನೆ 180, ಸಮಯ 180 ನಿಮಿಷ, ಅಂಕ 720. ಅದರಲ್ಲಿ ಭೌತಶಾಸ್ತ್ರಕ್ಕೆ 45, ರಸಾಯನಶಾಸ್ತ್ರಕ್ಕೆ 45, ಜೀವಶಾಸ್ತ್ರಕ್ಕೆ 90. ಸರಿಯುತ್ತರಕ್ಕೆ ನಾಲ್ಕು ಅಂಕ ಬರುತ್ತದೆ, ತಪ್ಪಾದರೆ ಒಂದು ಕೈಬಿಟ್ಟು ಹೋಗುತ್ತದೆ. ಆದರೆ ಜೀವಶಾಸ್ತ್ರದ ಆ 360 ಅಂಕ ನಿಂತಿರುವುದು ಹೆಚ್ಚೂಕಡಿಮೆ ಎನ್‌ಸಿಇಆರ್‌ಟಿಯ ಹನ್ನೊಂದು, ಹನ್ನೆರಡನೇ ತರಗತಿಯ ಎರಡು ಪಠ್ಯಪುಸ್ತಕಗಳ ಮೇಲೆ. ಹೇಳಿಕೆ ಒಂದು, ಹೇಳಿಕೆ ಎರಡು, ಎರಡೂ ಸರಿಯೋ, ಒಂದು ಸರಿಯೋ. ಪ್ರತಿಪಾದನೆ ಇದು, ಕಾರಣ ಅದು, ಕಾರಣ ಅದನ್ನು ವಿವರಿಸುತ್ತದೋ ಇಲ್ಲವೋ. ಹೀಗೆ ಕೇಳುವ ಪತ್ರಿಕೆ ಓದುವುದನ್ನಲ್ಲದೆ ಬೇರೇನನ್ನು ಪರೀಕ್ಷಿಸುತ್ತದೆ? ನನ್ನ ಮಟ್ಟಿಗೆ ಅದು ಹೆಸರು ಹಾಕಿಕೊಳ್ಳದ ಓದುವ ಪರೀಕ್ಷೆಯೇ. ನೀಟಪ್ಪ ಇದನ್ನು ಬೇಗನೇ ಪತ್ತೆಹಚ್ಚಿದರು. ಹಚ್ಚಿದ ಮೇಲೆ ಆ ಎರಡು ಪುಸ್ತಕವನ್ನು ಮಗಳ ಕೈಗಿಟ್ಟು ಸುಮ್ಮನಾಗಬೇಕಿತ್ತು. ಸುಮ್ಮನಾಗುವವರಾಗಿದ್ದರೆ ಊರು ಹೆಸರು ಇಡುತ್ತಿರಲಿಲ್ಲ.

ಮೊದಲು ಆ ಪುಸ್ತಕಗಳನ್ನೇ ಅಗ್ಗಕ್ಕೆ ತರುತ್ತೇನೆಂದು ಬೆಳಗಿನ ರೈಲು ಹತ್ತಿ ಬೆಂಗಳೂರಿನ ಅವೆನ್ಯೂ ರಸ್ತೆಗೆ ಹೋದರು. ಹಳೆ ಪುಸ್ತಕದ ರಾಶಿಯಲ್ಲಿ ಅರ್ಧ ಬೆಲೆಗೆ ಪೂರ್ತಿ ಸೆಟ್ ಸಿಕ್ಕಿತು. ದಪ್ಪವೂ ಇತ್ತು. ದಪ್ಪ ಯಾಕಿತ್ತೆಂದರೆ ಅದು ಕತ್ತರಿ ಬೀಳುವ ಮುಂಚಿನದು. ಕೋವಿಡ್ ನಂತರ ಎನ್‌ಸಿಇಆರ್‌ಟಿ ಪಾಠಗಳನ್ನು ಕಡಿಮೆ ಮಾಡಿದಾಗ ಹನ್ನೊಂದನೇ ತರಗತಿಯ ಜೀವಶಾಸ್ತ್ರದಲ್ಲಿ 22 ಅಧ್ಯಾಯ ಇದ್ದದ್ದು 19 ಆಯಿತು, ಹನ್ನೆರಡನೆಯದರಲ್ಲಿ 16 ಇದ್ದದ್ದು 13 ಆಯಿತು. ಹೋದವುಗಳಲ್ಲಿ ಜೀರ್ಣಕ್ರಿಯೆಯ ಪಾಠವೂ ಒಂದು. ಮಗಳು ಯಕೃತ್ತು, ಪಿತ್ತರಸ, ಸಣ್ಣ ಕರುಳು ಎಲ್ಲವನ್ನೂ ಗಟ್ಟಿ ಮಾಡಿ ಒಪ್ಪಿಸಿದ ಮೇಲೆ, ಕಾಲೇಜಿನ ಮೇಡಂ, 'ಅದು ಇಲ್ವಲ್ಲಮ್ಮ ಈಗ' ಅಂದರು.

"ಓದಿದ್ದು ಎಲ್ಲಿ ಹೋಯ್ತದೆ ಕಣವ್ವ, ಅರಗಿಸ್ಕೊ" ಎಂದರು ನೀಟಪ್ಪ.

ಹಳೆಯ ಪುಸ್ತಕದ ಅಪಾಯ ಇವರೊಬ್ಬರದೇ ಆಗಿದ್ದರೆ ನಗಬಹುದಿತ್ತು. 2024ರ ಮೇ 5ರ ನೀಟ್‌ನಲ್ಲಿ ದೇಶವೇ ಅದಕ್ಕೆ ಸಿಕ್ಕಿಕೊಂಡಿತು. ಭೌತಶಾಸ್ತ್ರದಲ್ಲಿ ಪರಮಾಣುವಿನ ಬಗ್ಗೆ ಎರಡು ಹೇಳಿಕೆ. ಎರಡನೆಯದು, ಪ್ರತಿಯೊಂದು ಮೂಲವಸ್ತುವಿನ ಪರಮಾಣುಗಳೂ ಸ್ಥಿರ, ತಮ್ಮದೇ ರೋಹಿತ ಸೂಸುತ್ತವೆ ಎಂದಿತ್ತು. ಹಳೆಯ ಎನ್‌ಸಿಇಆರ್‌ಟಿ ಓದಿದವರಿಗೆ ಅದು ಸರಿ. ಹೊಸ ಪುಸ್ತಕದಲ್ಲಿ 'ಬಹುಪಾಲು ಮೂಲವಸ್ತುಗಳ' ಎಂದು ತಿದ್ದಿತ್ತು, ಅದನ್ನು ಓದಿದವರಿಗೆ ತಪ್ಪು. ಪರೀಕ್ಷೆ ನಡೆಸಿದವರು ಮೊದಲು ಎರಡೂ ಉತ್ತರಕ್ಕೆ ಅಂಕ ಕೊಟ್ಟರು. ಜೂನ್ 4ರ ಫಲಿತಾಂಶದಲ್ಲಿ 67 ಜನ 720ಕ್ಕೆ 720 ತೆಗೆದು ನಿಂತಿದ್ದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ದೆಹಲಿ ಐಐಟಿಯ ಮೂವರು ತಜ್ಞರು ಕೂತು ನೋಡಿ, ಒಂದೇ ಉತ್ತರ ಸರಿ ಅಂದರು. ಜುಲೈ 23ಕ್ಕೆ ಕೋರ್ಟು ಒಪ್ಪಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ತಲಾ ಐದಂಕ ಇಳಿಯಿತು, ಪೂರ್ಣಾಂಕದವರು ಕೊನೆಗೆ 17 ಉಳಿದರು.

ಆ ಸುದ್ದಿ ಬಂದ ರಾತ್ರಿ ನೀಟಪ್ಪ ನಿದ್ದೆ ಮಾಡಲಿಲ್ಲ. ಟಾರ್ಚ್ ಹಿಡಿದು ಮಂಚದ ಕೆಳಗೆ ನುಗ್ಗಿ ಪ್ರತಿ ಪುಸ್ತಕದ ಮೊದಲ ಪುಟ ತೆಗೆದು ಮುದ್ರಣದ ವರ್ಷ ನೋಡಿದರು. ಅಂದಿನಿಂದ ಯಾರ ಮನೆಗೆ ಹೋದರೂ, ಪಂಚಾಂಗವೇ ಆಗಲಿ, ಅಡುಗೆ ಪುಸ್ತಕವೇ ಆಗಲಿ, ಕೈಗೆತ್ತಿಕೊಂಡರೆ ಮೊದಲು ನೋಡುವುದು ಆ ಪುಟವನ್ನು.

ಪುಸ್ತಕ ಸರಿಯಾಯಿತು ಅನ್ನುವಷ್ಟರಲ್ಲಿ ಸಿಲಬಸ್ಸು ಕೈಕೊಟ್ಟಿತು. 2024ರ ನೀಟ್‌ಗಾಗಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಪ್ರಕಟಿಸಿದ ಪಠ್ಯಕ್ರಮವನ್ನು ನೀಟಪ್ಪ ಸಾಲುಸಾಲಾಗಿ ಓದಿದವರು. ಅದರಲ್ಲಿ ಒಂದು ಕೀಟದ ಅಂಗರಚನೆ ಓದಬೇಕೆಂದು ಬರೆದು, ಆವರಣದೊಳಗೆ ಕೀಟದ ಹೆಸರು ಕೊಟ್ಟಿತ್ತು: ಕಪ್ಪೆ. ಎನ್‌ಸಿಇಆರ್‌ಟಿ ತನ್ನ ಪುಸ್ತಕದಿಂದ ಜಿರಳೆಯನ್ನು ತೆಗೆದು ಕಪ್ಪೆಯನ್ನು ಉಳಿಸಿಕೊಂಡಿತ್ತು. ಪಠ್ಯಕ್ರಮ ಬರೆದವರು ಜಿರಳೆ ಹೊಡೆದು ಕಪ್ಪೆ ಸೇರಿಸುವಾಗ 'ಕೀಟ'ವನ್ನು ಹೊಡೆಯಲು ಮರೆತಿರಬೇಕು. ಡಾಕ್ಟರಾಗುವ ಮಕ್ಕಳಿಗೆ ಕೊಟ್ಟ ಅಧಿಕೃತ ಕಾಗದ ಅದು. ಮಳೆಗಾಲದಲ್ಲಿ ಗದ್ದೆ ಬದಿ ಕಪ್ಪೆ ಕೂಗು ಕೇಳುತ್ತ ಬೆಳೆದ ನೀಟಪ್ಪನಿಗೆ ಮಾತ್ರ ಅಧಿಕೃತವಾದದ್ದರಲ್ಲಿ ಅನುಮಾನ ಹುಟ್ಟುವುದಿಲ್ಲ. ಕಪ್ಪೆಯನ್ನು ಕೀಟವಾಗಿ ಕೇಳುವ ಪ್ರಶ್ನೆಗಳ ಪುಸ್ತಕ ಇದೆಯೇ ಎಂದು ದೇವರಾಜ ಅರಸು ರಸ್ತೆಯ ಅಂಗಡಿಯಲ್ಲಿ ವಿಚಾರಿಸಿ ಬಂದರು.

ಅದೇ ಪಠ್ಯಕ್ರಮದಲ್ಲಿ ಐದು ಸಸ್ಯ ಕುಟುಂಬಗಳ ಹೆಸರಿತ್ತು: ಮಾಲ್ವೇಸಿ, ಕ್ರೂಸಿಫೆರೆ, ಲೆಗ್ಯುಮಿನೋಸಿ, ಕಾಂಪೋಸಿಟೆ, ಗ್ರ್ಯಾಮಿನೆ. ಹೊಸ ಎನ್‌ಸಿಇಆರ್‌ಟಿಯಲ್ಲಿ ಇವು ಇಲ್ಲ. ಪುಸ್ತಕದಲ್ಲಿಲ್ಲ, ಸಿಲಬಸ್ಸಿನಲ್ಲಿದೆ ಅಂದಮೇಲೆ ನೀಟಪ್ಪನಂಥವರಿಗೆ ಹಬ್ಬ. ಐದು ಕುಟುಂಬಕ್ಕೆಂದೇ ಒಂದು ಸ್ಪೆಷಲ್ ಬುಕ್‌ಲೆಟ್ ತರಿಸಿದರು. ಮಗಳು ಅದನ್ನು ಹಿತ್ತಲ ಕಟ್ಟೆಯಲ್ಲಿ ಕೂತು ಜೋರಾಗಿ ಓದುತ್ತಿದ್ದರೆ, ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ, "ಇದು ಯಾರ್ ಮನೆತನ್‌ದವ್ರು ಮಗ?" ಅಂದರು.

ಮಗಳು ವಿವರಿಸುತ್ತ ಹೋದಳು. ಬೇಲಿಯ ದಾಸವಾಳ, ಪಾತಿಯ ಬೆಂಡೆ ಮೊದಲನೆಯ ಮನೆತನ. ಒಗ್ಗರಣೆಯ ಸಾಸಿವೆ, ಹುಳಿಯ ಮೂಲಂಗಿ ಎರಡನೆಯದು. ಅಜ್ಜಿಯ ಮೊರದಲ್ಲಿದ್ದ ಅವರೆ ಮೂರನೆಯದು, ಮುಡಿದಿದ್ದ ಸೇವಂತಿಗೆ ನಾಲ್ಕನೆಯದು. ಅಟ್ಟಕ್ಕೇರಿದ ರಾಗಿ ಐದನೆಯದು. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, ಬುಕ್‌ಲೆಟ್ಟಿಗೆ ಎಷ್ಟು ಕೊಟ್ಟೆ ಅಂತ ಮಗನನ್ನು ಕೇಳಿದರು. ನೀಟಪ್ಪ ಅಂಗಿ ಹಾಕಿಕೊಂಡು ಹೊರಗೆ ಹೋದರು.

ಪುಕ್ಕಟೆ ಸಿಗುವ ಮೆಟೀರಿಯಲ್ ಬಗ್ಗೆ ಇವರ ನಿಲುವು ಖಚಿತ. ಎನ್‌ಸಿಇಆರ್‌ಟಿ ಪುಸ್ತಕಗಳೆಲ್ಲ ಅದರ ಜಾಲತಾಣದಲ್ಲಿ ಉಚಿತವಾಗಿವೆ, ಹಳೆಯ ಪ್ರಶ್ನೆಪತ್ರಿಕೆ ಮತ್ತು ಸರಿಯುತ್ತರಗಳನ್ನು ನೀಟ್ ನಡೆಸುವ ಎನ್‌ಟಿಎಯೇ ಹಾಕುತ್ತದೆ, ಮನೆಯಲ್ಲೇ ಅಣಕು ಪರೀಕ್ಷೆ ಬರೆಯಲಿ ಎಂದು 2020ರಲ್ಲಿ 'ಅಭ್ಯಾಸ್' ಎಂಬ ಆ್ಯಪನ್ನೂ ಬಿಟ್ಟಿತು. ಮಗಳ ಕಾಲೇಜಿನ ಮೇಡಂ ಇದನ್ನೆಲ್ಲ ಬಿಡಿಸಿ ಹೇಳಿದರು. ನಿಜ ಹೇಳಬೇಕೆಂದರೆ ಹಳೆಯ ಪತ್ರಿಕೆಗಳಿಗಿಂತ ಒಳ್ಳೆಯ ಅಭ್ಯಾಸ ಸಾಮಗ್ರಿ ಇಲ್ಲ, ಯಾಕೆಂದರೆ ಪ್ರಶ್ನೆ ತೆಗೆಯುವವರ ಕೈಬರಹ ಅದರಲ್ಲಿ ಮಾತ್ರ ಕಾಣುತ್ತದೆ; ಉಳಿದವರು ಕಷ್ಟ ಮಾಡುವ ಭರದಲ್ಲಿ ಬೇರೆಯೇ ಪರೀಕ್ಷೆ ಬರೆದಿರುತ್ತಾರೆ. ನೀಟಪ್ಪ ಎಲ್ಲ ಕೇಳಿ, "ಎಲ್ರಿಗೂ ಸಿಗೋದ್ರಿಂದ ನಮಗೇನ್ ಲಾಭ ಮೇಡಂ?" ಅಂದರು. ಮೇಡಂ ಬಳಿ ಅದಕ್ಕೆ ಉತ್ತರವಿರಲಿಲ್ಲ.

ಕನ್ನಡದಲ್ಲಿ ಸಿಗುತ್ತದೋ ಎಂದೂ ಒಮ್ಮೆ ನೋಡಿದರು. 2017ರಿಂದ ನೀಟನ್ನು ಕನ್ನಡದಲ್ಲೂ ಬರೆಯಬಹುದು. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷಿನದೇ ಅಂತಿಮ ಎಂಬ ಷರತ್ತೂ ಇದೆ. ಕನ್ನಡದ ಕ್ವೆಶ್ಚನ್ ಬ್ಯಾಂಕ್ ಕೊಡಿ ಅಂದರೆ ಅಂಗಡಿಯವನು ಕೆಎಎಸ್, ಪೊಲೀಸ್, ಎಫ್‌ಡಿಎ ಗೈಡುಗಳ ಕಪಾಟು ತೋರಿಸಿ ಕೈಚೆಲ್ಲಿದ.

ಇಷ್ಟರಲ್ಲಿ ಅಮೆರಿಕದಿಂದ ಭಾಮೈದನ ಫೋನು ಬಂತು. ಅವನ ಮಗಳೂ ಮೆಡಿಕಲ್ಲಿಗೆ ಓದುತ್ತಿದ್ದಾಳೆ, ಅಲ್ಲಿ ಎಂಕ್ಯಾಟ್ ಎಂಬ ಪರೀಕ್ಷೆ. ಅದರಲ್ಲಿ ನಿಜವಾಗಿಯೂ ಓದುವ ವಿಭಾಗವೊಂದಿದೆ: 90 ನಿಮಿಷ, ಒಂಬತ್ತು ಗದ್ಯಭಾಗ, 53 ಪ್ರಶ್ನೆ. ಗದ್ಯಭಾಗದಲ್ಲಿ ಹೃದಯವೂ ಇಲ್ಲ, ಕಿಡ್ನಿಯೂ ಇಲ್ಲ. ತತ್ವಶಾಸ್ತ್ರ, ಸಂಗೀತ, ಇತಿಹಾಸ, ಅರ್ಥಶಾಸ್ತ್ರ, ಹೀಗೆ. ಮುಂಚೆ ಏನೂ ಓದಿಕೊಂಡಿರಬೇಕಾಗಿಲ್ಲ, ಉತ್ತರವೆಲ್ಲ ಕೊಟ್ಟಿರುವ ಗದ್ಯದಲ್ಲೇ ಇರುತ್ತದೆ. ಬರೆದವನ ಧೋರಣೆ ಏನು, ಹೇಳದೆ ಸೂಚಿಸಿದ್ದು ಏನು, ಅವನ ವಾದ ಎಲ್ಲಿ ಸಡಿಲ ಅಂತ ಕೇಳುತ್ತಾರೆ. ಪರೀಕ್ಷೆ ನಡೆಸುವ ಸಂಸ್ಥೆಯೇ ಮಾರುವ ಅಭ್ಯಾಸ ಪ್ರಶ್ನೆಗಳು ಮುಗಿದುಬಿಟ್ಟರೆ ಒಳ್ಳೆಯದು ಸಿಗುವುದು ಕಷ್ಟವೆಂದು ಅಲ್ಲಿನ ಮಕ್ಕಳೂ ಪರದಾಡುತ್ತಾರಂತೆ.

"ಸಿಲಬಸ್ಸು?"

"ಇಲ್ಲ ಭಾವ."

"ಗೈಡು?"

"ಇದಾವೆ. ಆದ್ರೆ ಸುಮ್ನೆ ಒಳ್ಳೊಳ್ಳೆ ಪುಸ್ತಕ ಓದು ಅಂತಾರೆ."

ಸಿಲಬಸ್ಸಿಲ್ಲದ ಪರೀಕ್ಷೆಯ ಕಲ್ಪನೆಗೇ ನೀಟಪ್ಪ ಬೆವೆತುಹೋದರು. ಆದರೂ ಅಲ್ಲಿ ಇರುವುದು ಇಲ್ಲೂ ಬಂದೇ ಬರುತ್ತದೆಂದು ಲೆಕ್ಕ ಹಾಕಿ, ಮರುದಿನದಿಂದ ಮನೆಯಲ್ಲಿ ಓದುವ ವಿಭಾಗ ಶುರುವಾಯಿತು. ಇಂಗ್ಲಿಷ್ ಪೇಪರಿನ ಸಂಪಾದಕೀಯ ಕತ್ತರಿಸಿ ಅಂಟಿಸಿದರು. ಅದು ಮುಗಿದಾಗ ಗ್ಯಾಸ್ ಬಿಲ್ಲಿನ ಹಿಂಬದಿಯ ಸೂಚನೆ. ಅದೂ ಮುಗಿದಾಗ ಗೂಡಿನಲ್ಲಿದ್ದ ಮದುವೆ ಕರೆಯೋಲೆಯನ್ನೇ ಮಗಳ ಮುಂದಿಟ್ಟು, "ಆಶೀರ್ವಾದವೇ ಉಡುಗೊರೆ ಅಂತ ಹಾಕವ್ರೆ. ಬರೆದವ್ರ ಇಂಗಿತ ಏನು? ಎ, ಬಿ, ಸಿ, ಡಿ" ಅಂದರು.

ಮಗಳು ಯೋಚಿಸುತ್ತಿದ್ದಳು. ಅಜ್ಜಿ ಮೂಲೆಯಿಂದಲೇ, "ಪಾತ್ರೆ ಪಗಡ ತರಬ್ಯಾಡಿ, ಕವರ್‌ಗಾಕಿ ಅಂತ ಕಣ್ಲಾ" ಎಂದರು. ಆ ವಿಭಾಗದಲ್ಲಿ ಮನೆಯ ಅತ್ಯಧಿಕ ಅಂಕ ಇವತ್ತಿಗೂ ಅಜ್ಜಿಯದೇ.

ಮಗಳು ಓದಿದ್ದು ಯಾವಾಗ ಎಂಬುದು ನೀಟಪ್ಪನ ಗಮನಕ್ಕೆ ಬಂದಂತಿಲ್ಲ. ಅಪ್ಪ ಮೆಟೀರಿಯಲ್ಲಿಗೆ ಹೋದ ಸಂಜೆಗಳಲ್ಲಿ ಅವಳು ಎರಡು ಎನ್‌ಸಿಇಆರ್‌ಟಿಯನ್ನು, ಹೊಸ ಮುದ್ರಣದ್ದನ್ನು, ಮೇಡಂ ಕೊಟ್ಟ ಹಳೆಯ ಪತ್ರಿಕೆಗಳ ಜೊತೆ ಇಟ್ಟುಕೊಂಡು ಕೂರುತ್ತಿದ್ದಳು. ಒಂದು ದಿನ ಅವಳು ಕಿಡ್ನಿಯ ಪಾಠ ಓದುತ್ತ, ನಿಮಿಷಕ್ಕೆ 125 ಮಿಲಿಲೀಟರ್, ದಿನಕ್ಕೆ 180 ಲೀಟರ್ ಸೋಸುತ್ತದೆ ಅಂದಾಗ, ಟ್ಯಾಂಕರಿಗೆ ಕಾದು ಕೊಡ ಸಾಲಾಗಿ ಇಟ್ಟಿದ್ದ ಅವರಮ್ಮ, "ಅಷ್ಟ್ ನೀರು ನಮ್ಮನೆ ನಲ್ಲೀಲಿ ಬಂದಿದ್ರೆ!" ಅಂದರು. ಆ ಅಂಕಿ ಅವಳಿಗೆ ಮರೆಯಲೇ ಇಲ್ಲ.

2025ರ ಮೇ 4ರ ಪತ್ರಿಕೆ ಕಷ್ಟವಿತ್ತು. ಭೌತಶಾಸ್ತ್ರ ಎಷ್ಟೋ ಮಕ್ಕಳನ್ನು ಅಳಿಸಿತು. ಹಿಂದಿನ ವರ್ಷ 17 ಜನ 720 ತೆಗೆದಿದ್ದ ಪರೀಕ್ಷೆಯಲ್ಲಿ ಈ ಸಲ ದೇಶಕ್ಕೆ ಮೊದಲು ಬಂದವರಿಗೇ 686. ನೀಟಪ್ಪನ ಮಗಳಿಗೆ ಎಂಬಿಬಿಎಸ್ ಸರ್ಕಾರಿ ಸೀಟು ಕೈಗೆಟುಕಲಿಲ್ಲ. ಅದೇ ನೀಟ್ ಅಂಕದ ಮೇಲೆ ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜಿನಲ್ಲಿ ಬಿಎಎಂಎಸ್ ಸಿಕ್ಕಿತು. 1908ರಲ್ಲಿ ಶುರುವಾದ ಕಾಲೇಜು ಅದು. ಅವಳು ಖುಷಿಯಾಗಿದ್ದಾಳೆ, ಅಜ್ಜಿ ಅವಳಿಗಿಂತ ಖುಷಿಯಾಗಿದ್ದಾರೆ. ಮಂಚದ ಕೆಳಗಿನ ಕಟ್ಟುಗಳು ಎದುರು ಮನೆಯವರಿಗೆ ಹೋದವು. ಅವರ ಮಗ ಇನ್ನೂ ಏಳನೇ ಕ್ಲಾಸು. ಕೊಡುವಾಗ ನೀಟಪ್ಪ ದುಡ್ಡು ಮುಟ್ಟಲಿಲ್ಲ, ಆದರೆ ಮುದ್ರಣದ ವರ್ಷ ನೋಡಿಕೊಳ್ಳುವುದು ಹೇಗೆಂದು ಮುಕ್ಕಾಲು ಗಂಟೆ ಪಾಠ ಮಾಡಿದರು.

ಕಾಲೇಜು ಸೇರಿದ ವಾರ ಮಗಳು ಮೊದಲ ವರ್ಷದ ಪುಸ್ತಕಗಳ ಪಟ್ಟಿ ತಂದಳು. ಸಂಸ್ಕೃತ ಇತ್ತು, ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನ ಇತ್ತು. ನೀಟಪ್ಪ ಪಟ್ಟಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿದರು. ಆಯುಷ್ ಸ್ನಾತಕೋತ್ತರಕ್ಕೂ ಎಐಎಪಿಜಿಇಟಿ ಅಂತ ಒಂದು ಪ್ರವೇಶ ಪರೀಕ್ಷೆ ಇರುವುದನ್ನು ಅವರು ಆಗಲೇ ತಿಳಿದುಕೊಂಡಿದ್ದರು. ಸಂಜೆ ಎಕ್ಸೆಲ್ ಸರಸ್ವತಿಪುರಂನಲ್ಲಿ ನಿಂತಿತು. ಜೆರಾಕ್ಸ್ ಹುಡುಗ ಮಿಷನ್ನಿನ ಧೂಳು ಒರೆಸುತ್ತಿದ್ದ ಹಾಗೇ ನೀಟಪ್ಪ ಕೌಂಟರಿಗೆ ಬಗ್ಗಿ, ದನಿ ತಗ್ಗಿಸಿ ಕೇಳಿದರು:

"ವಾಗ್ಭಟಂದು, ಶ್ಲೋಕದ್ ಮೇಲೆ ಶ್ಲೋಕ, ಅಸರ್ಶನ್-ರೀಸನ್ ಮಾಡಿರೋದು ಯಾವ್ದಾದ್ರೂ ಅದಾ ಮಗ?"