ಪರಭಾಷಾಭ್ಯಾಸ ಮೀಮಾಂಸೆ, ಅಥವಾ ಮಂಡಿ ಪದ್ಧತಿಯ ಶಾಸ್ತ್ರೀಯ ಪ್ರತಿಷ್ಠಾಪನೆ

ಶಾಸ್ತ್ರವು ಯಾವುದೇ ಇರಲಿ, ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ಅನುಬಂಧಚತುಷ್ಟಯವನ್ನು ಮೊದಲು ನಿರೂಪಿಸದೆ ಗ್ರಂಥಾರಂಭ ಮಾಡತಕ್ಕುದಲ್ಲವೆಂದು ಪೂರ್ವಾಚಾರ್ಯರು ಕಟ್ಟುಮಾಡಿರುವುದರಿಂದ, ಆ ಮರ್ಯಾದೆಯನ್ನು ಮೀರದೆ ನಾವು ನಿವೇದಿಸುವುದೇನೆಂದರೆ: ಈ ಪ್ರಬಂಧಕ್ಕೆ ವಿಷಯವು ಪರಭಾಷೆಯ ಕಲಿಕೆ, ಪ್ರಯೋಜನವು ಬಾಕಿ ವಸೂಲಿ, ಅಧಿಕಾರಿಯು, ಹೊರಸೀಮೆಯ ವ್ಯಾಪಾರಿಯಿಂದ ಯಾವನಿಗೆ ಹಣ ಬರತಕ್ಕುದಿದೆಯೋ ಅವನು. ಸಂಬಂಧವನ್ನು ದಲ್ಲಾಳಿಯು ನೋಡಿಕೊಳ್ಳುತ್ತಾನೆ.

ಇನ್ನು ಪೂರ್ವಪಕ್ಷ. 1885ರಲ್ಲಿ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಪಂಡಿತನು ಅರ್ಥವೇ ಇಲ್ಲದ ಅಕ್ಷರಪುಂಜಗಳನ್ನು ತಾನೊಬ್ಬನೇ ಕುಳಿತು ಉರುಹೊಡೆದು, ಕಲಿತದ್ದು ಎಷ್ಟು ಬೇಗ ಮರೆತುಹೋಗುತ್ತದೆಂಬುದನ್ನು ಗೆರೆಯೆಳೆದು ತೋರಿಸಿದನು. ಆ ಗೆರೆಯ ಭಯದಿಂದ ಹುಟ್ಟಿದ ಆವೃತ್ತಿಶಾಸ್ತ್ರವೇ ಇಂದು ಡುಯೊಲಿಂಗೊ ಎಂಬ ಹಸುರು ಗೂಬೆಯ ರೂಪದಿಂದ ಮೊಬೈಲಿನಲ್ಲಿ ಅವತರಿಸಿ, ಒಂದು ದಿನ ಪಾಠ ತಪ್ಪಿದರೂ ಮುಖ ಸಣ್ಣದು ಮಾಡಿಕೊಂಡು ಶಿಷ್ಯನನ್ನು ಪೀಡಿಸುತ್ತಿರುವುದು ಸರ್ವವಿದಿತ. ಬರ್ಲಿಟ್ಜ್ ಎಂಬಾತನು 1878ರಲ್ಲಿ ಅಮೆರಿಕದಲ್ಲಿ ಶಾಲೆಯನ್ನು ತೆರೆದು ಮಾತೃಭಾಷೆಯನ್ನು ಬಾಗಿಲ ಹೊರಗೇ ನಿಲ್ಲಿಸಿದನೆಂದೂ, 1963ರಲ್ಲಿ ಕ್ಯಾಲೆಬ್ ಗಟ್ಟೆಗ್ನೊ ಎಂಬಾತನು ಗುರುವು ಬಾಯಿ ಮುಚ್ಚಿಕೊಂಡಿರುವುದೇ ಉತ್ತಮ ಬೋಧನೆಯೆಂದು ಸಾರಿ, ಬಣ್ಣದ ಕೋಲುಗಳನ್ನು ಮುಂದಿಟ್ಟು ಮೌನಪದ್ಧತಿಯನ್ನು ಪ್ರಕಟಿಸಿದನೆಂದೂ ಕೇಳುತ್ತೇವೆ. ಇದಕ್ಕೆ ಮುಳಬಾಗಿಲು ತಾಲ್ಲೂಕಿನ ಆವಣಿ ಜಾತ್ರೆಯನ್ನು ಕಂಡವರು ನಗದೆ ಇರಲಾರರು. ಅಲ್ಲಿ ದನದ ದಲ್ಲಾಳಿಯೂ ಗಿರಾಕಿಯೂ ಟವೆಲಿನ ಮರೆಯಲ್ಲಿ ಬೆರಳು ಹಿಡಿದು, ತುಟಿಪಿಟಕ್ಕೆನ್ನದೆ, ಒಂದು ಜೋಡಿ ಎತ್ತಿನ ಬೆಲೆಯನ್ನು ನಿಷ್ಕರ್ಷಿಸುತ್ತಾರೆ. ಅವರಿಗೆ ಕೋಲೂ ಬೇಕಿಲ್ಲ.

ಸಿದ್ಧಾಂತವನ್ನು ತಿಳಿಯಬಯಸುವವರು ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜಿನ ಹೊತ್ತಿಗೆ ನಿಂತು ನೋಡತಕ್ಕುದು. ರೈತನು ತೆಲುಗಿನಲ್ಲಿ ವೆಂಕಟರಮಣನಿಗೆ ಹರಕೆ ಹೊರುತ್ತಾನೆ. ಮಂಡಿಯವನು ಕನ್ನಡದಲ್ಲಿ ಕೂಗುತ್ತಾನೆ. ಕೊಳ್ಳುವವನು ಹಿಂದಿಯಲ್ಲಿ ಕಾಯನ್ನು ಹಳಿಯುತ್ತಾನೆ. ಹಮಾಲಿಯು ಉರ್ದುವಿನಲ್ಲಿ ದಾರಿ ಬಿಡಿಸುತ್ತಾನೆ. ಲಾರಿಯ ಡ್ರೈವರು ತಮಿಳಿನಲ್ಲಿ ಹೊತ್ತಾಯಿತೆಂದು ಗೊಣಗುತ್ತಾನೆ. ಇವರೆಲ್ಲರ ನಡುವೆ ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಚೀಟಿ ಬರೆಯುವ ಹುಡುಗನೊಬ್ಬನಿರುತ್ತಾನೆ. ಅವನ ಪಾಠಕ್ರಮದಲ್ಲಿ ಮೊದಲು ಬರುವುವು ಸಂಖ್ಯೆಗಳು, ಅನಂತರ ಬೈಗುಳಗಳು, ಕಟ್ಟಕಡೆಗೆ ಕುಶಲಪ್ರಶ್ನೆ. ಸಾಧಾರಣ ವರ್ಷಗಳಲ್ಲಿ ಅವನ ಹಿಂದಿಯು ಕೆಲವು ನೂರುಗಳಲ್ಲಿಯೇ ತೊಳಲುತ್ತಿದ್ದಿತು. 2023ರ ಜುಲೈಯಲ್ಲಿ ಹದಿನೈದು ಕಿಲೋ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿಯನ್ನು ದಾಟಲಾಗಿ, ಸಾವಿರದ ಮೇಲಿನ ಸಂಖ್ಯಾಪ್ರಕರಣವೂ ಯಾವ ಗುರುವಿನ ಹಂಗಿಲ್ಲದೆ ಸಂಪೂರ್ಣವಾಯಿತು.

ನಮ್ಮ ಮತವು ನಿರಾಧಾರವಲ್ಲ. ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ವ್ಯಾಕರಣದ ಪಾಠವನ್ನು ಬದಿಗಿಟ್ಟು, ನಕ್ಷೆ, ರೈಲಿನ ವೇಳಾಪಟ್ಟಿ ಮುಂತಾದುವನ್ನು ಮಕ್ಕಳ ಮುಂದಿಟ್ಟು, ಬುದ್ಧಿಯು ಅರ್ಥದಲ್ಲಿ ನೆಟ್ಟಿರುವಾಗ ಭಾಷೆಯು ತಾನಾಗಿ ಒಳಸೇರುವುದೆಂಬುದನ್ನು ಪರೀಕ್ಷಿಸಿದರು. ಲೋಕದ ವಿದ್ವಾಂಸರು ಇದನ್ನು ಬೆಂಗಳೂರು ಪ್ರಾಜೆಕ್ಟ್ ಎಂದು ಕರೆದರು. ಮತ್ತೂ ಎಪ್ಪತ್ತು ಕಿಲೋಮೀಟರು ಮೂಡಲಿಗೆ ಬಂದಿದ್ದರೆ, ವೇಳಾಪಟ್ಟಿಯ ಬದಲು ಲಾರಿಯೇ ಸಿಕ್ಕುತ್ತಿತ್ತು.

ಮಂಡಿಯಿಂದ ವ್ಯವಹಾರದ ನುಡಿ ಬಂದೀತು, ಸಾಹಿತ್ಯ ಬಾರದು ಎಂದು ಆಕ್ಷೇಪಿಸುವವರುಂಟು. ಅವರು ಮಾಲೂರು ತಾಲ್ಲೂಕಿನ ಕಡೆಗೆ ಕಣ್ಣು ಹಾಯಿಸಲಿ: ಮನೆಯಲ್ಲಿ ತಮಿಳನ್ನಾಡುತ್ತಿದ್ದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಕನ್ನಡದಲ್ಲಿ ಬರೆದು, ಚಿಕವೀರ ರಾಜೇಂದ್ರನಿಗಾಗಿ 1983ರ ಜ್ಞಾನಪೀಠವನ್ನು ಪಡೆದರು. ಅದಕ್ಕೂ ಮಂಡಿಗೂ ಏನು ಸಂಬಂಧವೆಂದು ಕೇಳುವ ಕುತರ್ಕಿಗಳಿಗೆ ಉತ್ತರವೀಯಲು ಇಲ್ಲಿ ಸ್ಥಳವಿಲ್ಲ.

ಒಂದು ತೊಡಕನ್ನು ಮಾತ್ರ ಬಿಡಿಸದೆ ಮುಂದುವರಿಯಲಾಗದು. ಮುಳಬಾಗಿಲಿನ ಬಳಿಯ ಹಳ್ಳಿಯೊಂದರಲ್ಲಿ ನರ್ಸಿಂಗ್ ಓದಿದ ಹುಡುಗಿಯೊಬ್ಬಳು, ಜರ್ಮನಿಯ ಆಸ್ಪತ್ರೆಗಳಲ್ಲಿ ನರ್ಸೆಂದು ಮಾನ್ಯತೆ ಪಡೆಯಬೇಕಾದರೆ ಬಿ2 ಎಂಬ ಮಟ್ಟದ ಭಾಷಾಜ್ಞಾನ ಬೇಕೆಂದು ತಿಳಿದು, ಸಂಜೆಯ ಹೊತ್ತು ನೆಟ್‌ವರ್ಕು ಸಿಕ್ಕುವ ಮಾಳಿಗೆಯ ಮೂಲೆಯಲ್ಲಿ, ಮಗುಚಿಟ್ಟ ಟೊಮೆಟೊ ಕ್ರೇಟಿಗೆ ಮೊಬೈಲನ್ನು ಆನಿಸಿಕೊಂಡು ಆನ್‌ಲೈನ್ ಕ್ಲಾಸಿಗೆ ಕೂಡುತ್ತಾಳೆ. ಪಾಠವು ಇಂಗ್ಲಿಷಿನಲ್ಲಿ, ಅವಳು ಟಿಪ್ಪಣಿ ಮಾಡಿಕೊಳ್ಳುವುದು ಕನ್ನಡದಲ್ಲಿ, ರೇಗುವುದು ತೆಲುಗಿನಲ್ಲಿ. ಹಪ್ಪಳ ಎತ್ತಲು ಬಂದ ಅಜ್ಜಿಯು, ನಾಲ್ಕು ಭಾಷೆಯಲ್ಲಿ ಹಾಲಿನ ಲೆಕ್ಕ ಇಟ್ಟವಳು, ಯಾವೊಂದನ್ನೂ ಕಲಿತೆನೆಂದು ಅರಿಯದವಳು, ಸ್ವಲ್ಪ ಹೊತ್ತು ಕೇಳಿಸಿಕೊಂಡು, “ಆ ಊರೋಳ್ಳು ಇಕ್ಕಡ ಕಾಯಿ ಕೊನೇದಾನಿಕಿ ರಾರಾ?” ಎಂದಳು. ಆ ಊರಿನವರು ಇಲ್ಲಿಗೆ ಕಾಯಿ ಕೊಳ್ಳಲು ಬರುವುದಿಲ್ಲವೇ ಎಂಬ ಈ ಪ್ರಶ್ನೆಯಲ್ಲಿ ನಮ್ಮ ಶಾಸ್ತ್ರದ ಸಾರವೆಲ್ಲ ಅಡಗಿದೆ. ಜರ್ಮನರು ಬರುವುದಿಲ್ಲ, ಅದು ಅವರ ದೋಷವೇ ಹೊರತು ಪದ್ಧತಿಯದಲ್ಲ. ಆ ಹುಡುಗಿಯು ಮಾತ್ರ ಅಜ್ಜಿಗೆ ಉತ್ತರ ಕೊಡದೆ ಕ್ರಿಯಾಪದವನ್ನು ವಾಕ್ಯದ ಕೊನೆಗೆ ತಳ್ಳುವ ಅಭ್ಯಾಸದಲ್ಲಿ ತೊಡಗಿದ್ದಳು. ಕನ್ನಡತಿಗೆ ಇದೊಂದು ಸಲೀಸಾಗಿರಬೇಕು.

ಆದುದರಿಂದ ಪದ್ಧತಿಯ ಪದವಿಪರೀಕ್ಷೆಯನ್ನು ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ನಡೆಸತಕ್ಕುದೆಂದು ಸೂಚಿಸುತ್ತೇವೆ. 2025ರ ಜೂನಿನಲ್ಲಿ ಚಿತ್ತೂರು ಜಿಲ್ಲಾಡಳಿತವು ಕರ್ನಾಟಕದ ತೋತಾಪುರಿಗೆ ಗಡಿಯಲ್ಲಿ ತಡೆಯೊಡ್ಡಿದಾಗ ಶ್ರೀನಿವಾಸಪುರವು ಬಂದ್ ಆಚರಿಸಿತಷ್ಟೆ. ಪತ್ರಿಕೆಗಳು ಅದನ್ನು ಬೆಲೆಕುಸಿತದ ವಾರ್ತೆಯೆಂದು ಪ್ರಕಟಿಸಿದವೇ ಹೊರತು, ಒಂದು ವಿಶ್ವವಿದ್ಯಾಲಯದ ತೆಲುಗು ವಿಭಾಗವು ಪರೀಕ್ಷಾಕಾಲದಲ್ಲಿ ಬಾಗಿಲು ಹಾಕಿಕೊಂಡಿತೆಂಬುದನ್ನು ಯಾವ ವರದಿಗಾರನೂ ಗಮನಿಸಲಿಲ್ಲ. ಮುಂದೆ ಹಾಗಾಗದಂತೆ ನಿಯಮಗಳು ಹೀಗಿರತಕ್ಕುವು: ಪ್ರತಿ ಅಭ್ಯರ್ಥಿಗೂ ಒಂದು ಲೋಡು ತೋತಾಪುರಿ, ಎದುರಿಗೆ ತಿರುಳು ಕಾರ್ಖಾನೆಯ ಖರೀದಿದಾರ, ಅವಧಿ ಒಂದು ಬೆಳಗು. ನಿಘಂಟನ್ನು ತರಬಹುದು. ಮೊಬೈಲನ್ನು ಹಣ ಜಮೆಯಾಯಿತೇ ಎಂದು ನೋಡುವುದಕ್ಕೆ ಮಾತ್ರ ತೆಗೆಯಬಹುದು. ಮೌಲ್ಯಮಾಪಕನು ದಲ್ಲಾಳಿಯಾದುದರಿಂದ ಮರುಮೌಲ್ಯಮಾಪನಕ್ಕೆ ಅವಕಾಶವಿಲ್ಲ. ಅನುತ್ತೀರ್ಣನ ಹಣ್ಣು ಕೊಳೆತರೆ ಪರೀಕ್ಷಾಮಂಡಳಿಯು ಜವಾಬ್ದಾರಿಯಲ್ಲ.