ಮಾಂಡೋವಿಗೆ ಹೋಗುವ ಮಾರ್ಗ

ಧಾರವಾಡದಿಂದ ಪಣಜಿಯ ಕ್ಯಾಸಿನೊ ಹಡಗುಗಳಿಗೆ ಭೂಪಟದಲ್ಲಿ ಒಂದು ಗೇಣೂ ಇಲ್ಲ. ಘಟ್ಟ ಇಳಿದರೆ ಅವು ನಿಂತ ಮಾಂಡೋವಿ ನದಿ. ಸುಮಾರು 160 ಕಿ.ಮೀ. ಹುಬ್ಬಳ್ಳಿಯಲ್ಲಿ ಒಂದು ವಿಮಾನ ನಿಲ್ದಾಣವಿದೆ. ಗೋವಾದಲ್ಲಿ ದಾಬೋಳಿಯದಕ್ಕೆ 2023ರಲ್ಲಿ ಮೋಪಾದ್ದೂ ಸೇರಿ ಎರಡಾಗಿವೆ. ನೇರ ವಿಮಾನವಿಲ್ಲದಾಗ ಹಾರಿಯೇ ಹೋಗುತ್ತೇನೆಂಬ ಹಠವಾದಿ ಮಾತ್ರ ಗೋವಾಕ್ಕೆ ಬೆನ್ನು ಹಾಕಿ, 400 ಕಿ.ಮೀ. ದೂರದ ಬೆಂಗಳೂರಿಗೆ ಹಾರಿ, ಅಲ್ಲಿಂದ ಮತ್ತೆ ಪಶ್ಚಿಮಕ್ಕೆ ತಿರುಗಬೇಕು. ಅಷ್ಟರಲ್ಲಿ ರಾಮನಗರ, ಅನಮೋಡ ದಾಟಿದ ಬಸ್ಸಿನವರು ಪಣಜಿಯಲ್ಲಿ ಮೀನೂಟ ಮುಗಿಸಿ ಕೈ ತೊಳೆದಿರುತ್ತಾರೆ.

ರೈಲಿನ ಗಮ್ಮತ್ತೇ ಬೇರೆ. ಅಳ್ನಾವರ, ಲೋಂಡಾ, ಕ್ಯಾಸಲ್ ರಾಕ್. ಮುಂದೆ 37 ಅಡಿಗೆ ಒಂದಡಿ ಇಳಿಯುವ ಘಟ್ಟ. 310 ಮೀಟರ್ ಎತ್ತರದ ದೂಧ್‌ಸಾಗರ ಕಂಡೊಡನೆ ಇಡೀ ಬೋಗಿ ಮೊಬೈಲ್ ಹಿಡಿದು ಒಂದೇ ಕಿಟಕಿಗೆ ಮುಗಿಬೀಳುತ್ತದೆ. ಜೂಜಿನ ನೆನಪು ಯಾರಿಗೂ ಇರುವುದಿಲ್ಲ. ಮಡಗಾಂವದಲ್ಲಿ ಇಳಿದವರಿಗೆ ಹೊಸ ಜ್ಞಾನೋದಯ: ಪಣಜಿ ಪಟ್ಟಣದೊಳಕ್ಕೆ ರೈಲೇ ಇಲ್ಲ, ಮತ್ತೆ ಬಸ್ಸು. ದಡ ಸೇರಿದರೂ ಮುಗಿಯಲಿಲ್ಲ; ನದಿಯ ನಡುವೆ ನಿಂತ ಹಡಗಿಗೆ ಸಣ್ಣ ದೋಣಿ ಹತ್ತಬೇಕು.

21 ತುಂಬದವರಿಗೆ ಜೂಜಿನ ಜಾಗಕ್ಕೆ ಪ್ರವೇಶವಿಲ್ಲ. 2020ರಿಂದ ಗೋವೆಯವರಿಗೂ ಆಟ ನಿಷಿದ್ಧ. ಎದುರು ದಡದಲ್ಲೇ ಮನೆಯಿದ್ದವರು ಹೊರಗೆ, ಇಷ್ಟೆಲ್ಲ ಹತ್ತಿಳಿದು ಬಂದವರು ಒಳಗೆ. ಹೋಗುವವರು ವಾಪಸ್ ಟಿಕೆಟನ್ನು ಮೊದಲೇ ತೆಗೆಸಿಟ್ಟುಕೊಳ್ಳುವುದು ಒಳ್ಳೆಯದು.