ಪುಂಡರ ಸಂಸಾರ

ಮನೆಯಲ್ಲಿ ಮೀನು ಸಾಕುವವರಲ್ಲಿ ಎರಡು ಪಂಗಡ. ನೆಮ್ಮದಿಗೆಂದು ಸಾಕುವವರು ಮೊದಲನೆಯವರು. ಡಾಕ್ಟರ ಕ್ಲಿನಿಕ್ಕುಗಳಲ್ಲಿ ಅವರ ಕೈವಾಡ ಕಂಡಿರುತ್ತೀರಿ: ಬೆರಳುದ್ದದ ಗಪ್ಪಿಗಳು, ಹಸಿರು ಪ್ಲಾಸ್ಟಿಕ್ ಗಿಡ, ಬುಳುಬುಳು ಗುಳ್ಳೆ. ನೋಡುತ್ತ ಕೂತರೆ ಬಿ.ಪಿ. ಇಳಿಯುತ್ತದಂತೆ. ಎರಡನೆಯ ಪಂಗಡದವರಿಗೆ ಬಿ.ಪಿ. ಇಳಿಸಿಕೊಳ್ಳುವ ಹಂಬಲವೇ ಇಲ್ಲ. ಅವರಿಗೆ ಬೇಕಾದದ್ದು ಅಂಗೈಗಿಂತ ದೊಡ್ಡ, ಸದಾ ಮುಖ ಗಂಟಿಕ್ಕಿಕೊಂಡಿರುವ, ಪಕ್ಕದವನನ್ನು ಕಂಡರಾಗದ ಮೀನುಗಳು. ಅದೂ ಎಲ್ಲವೂ ಒಂದೇ ಟ್ಯಾಂಕಿನಲ್ಲಿ. ನನ್ನ ಭಾವಮೈದುನ ಈ ಎರಡನೆಯ ಪಂಗಡದವನು.

ಆಸಾಮಿ ಪರಮ ಸಾಧು. ಹೋಟೆಲಿನಲ್ಲಿ ಸಕ್ಕರೆ ಹಾಕದ ಕಾಫಿ ತಂದಿಟ್ಟರೆ "ಇರಲಿ ಬಿಡಿ, ಆರೋಗ್ಯಕ್ಕೆ ಒಳ್ಳೇದು" ಎಂದು ಕುಡಿದು ಬರುವವನು. ಬೆಂಗಳೂರಿನ ಅವನ ಫ್ಲಾಟಿನ ಹಾಲ್‌ನಲ್ಲಿ ಟಿ.ವಿ. ಇರಬೇಕಾದ ಕಡೆ ಆರಡಿ ಉದ್ದದ ಟ್ಯಾಂಕ್ ಇದೆ. ಎರಡು ಆಸ್ಕರ್, ಒಂದು ಗ್ರೀನ್ ಟೆರರ್, ಒಂದು ಜಾಕ್ ಡೆಂಪ್ಸಿ, ನಡುವೆ ಓಡಾಡಿಕೊಂಡಿರಲು ಒಂದಿಷ್ಟು ಸಿಲ್ವರ್ ಡಾಲರ್, ಗಾಜಿಗೆ ಬಾಯಿ ಅಂಟಿಸಿ ಕೂತ ಒಂದು ಸಕ್ಕರ್. ಜಾಕ್ ಡೆಂಪ್ಸಿ ಎಂದರೆ 1919ರಿಂದ 1926ರವರೆಗೆ ಹೆವಿವೇಟ್ ಪಟ್ಟ ಆಳಿದ ಅಮೆರಿಕದ ಬಾಕ್ಸರ್. ಅವನ ಹೆಸರು ಹೊತ್ತ ಈ ಮೀನಿನ ಮುಖವೂ ಸ್ವಭಾವವೂ ಹೆಸರಿಗೆ ಮೋಸ ಮಾಡಿಲ್ಲ.

ಇಂಥ ಸಂಸಾರ ಶುರುವಾಗುವುದು ಯಾವಾಗಲೂ ಎರಡಂಗುಲದಿಂದ. ಶಿವಾಜಿನಗರದ ಅಂಗಡಿಯಲ್ಲಿ ಆಸ್ಕರ್ ಮರಿ ಕಣ್ಣು ಹೊರಳಿಸಿ ನಮ್ಮನ್ನೇ ನೋಡುತ್ತದೆ, ಬೆರಳು ಆಡಿಸಿದ ಕಡೆಗೆಲ್ಲ ಬರುತ್ತದೆ. "ಇದು ಎಷ್ಟು ದೊಡ್ಡದಾಗುತ್ತೆ?" ಎಂದು ಕೇಳಿ. "ಟ್ಯಾಂಕ್ ಎಷ್ಟಿದ್ಯೋ ಅಷ್ಟೇ ಬೆಳೆಯೋದು ಸಾರ್." ಅಕ್ವೇರಿಯಂ ವ್ಯಾಪಾರ ನಿಂತಿರುವುದೇ ಈ ಸುಳ್ಳಿನ ಮೇಲೆ. ಅಮೆಜಾನ್ ಸೀಮೆಯ ಈ ಮೀನು ಹೊಟ್ಟೆ ತುಂಬ ತಿಂದರೆ ಒಂದಡಿ ಬೆಳೆದು, ಹತ್ತು ವರ್ಷವಾದರೂ ಬದುಕುತ್ತದೆ. ಪಕ್ಕದ ತೊಟ್ಟಿಯಲ್ಲಿ ಮೀಸೆ ಆಡಿಸುತ್ತಿರುವ ರೆಡ್‌ಟೇಲ್ ಕ್ಯಾಟ್‌ಫಿಶ್ ಮರಿಯಂತೂ ಒಂದು ಮೀಟರ್ ದಾಟುವ ಜಾತಿ. ಅದನ್ನು ಕೊಳ್ಳುವವರು ಮೊದಲು ಒಂದು ಸೈಟು ಕೊಂಡಿರಬೇಕು.

ದೊಡ್ಡ ಮೀನುಗಳ ಧರ್ಮಶಾಸ್ತ್ರ ಬಹಳ ಚಿಕ್ಕದು. ಬಾಯಿಗೆ ಹಿಡಿಸುವವನು ಊಟ, ಹಿಡಿಸದವನು ನೆರೆಯವನು. ಆದ್ದರಿಂದ ಒಂದೇ ಅಳತೆಯವರನ್ನು ಒಟ್ಟಿಗೆ ತರಬೇಕು. ಸಿಲ್ವರ್ ಡಾಲರ್‌ಗಳು ಬಚಾವಾಗಿರುವುದು ತಟ್ಟೆಯಷ್ಟು ಅಗಲವಾಗಿರುವುದರಿಂದ. ಯಾವ ಬಾಯಿಗೂ ಅಡ್ಡ ಬರುತ್ತವೆ. ಅವು ಪಿರಾನ್ಹಾಗಳ ದಾಯಾದಿಗಳು, ಆದರೆ ಇಷ್ಟಪಟ್ಟು ತಿನ್ನುವುದು ಸೊಪ್ಪು. ನಮ್ಮ ಅತ್ತೆಯವರಿಗೆ ಇಡೀ ಟ್ಯಾಂಕಿನಲ್ಲಿ ಮೆಚ್ಚುಗೆಯಾದವು ಅವೇ. "ಹಿರಣ್ಯಕಶಿಪು ಮನೇಲಿ ಪ್ರಹ್ಲಾದ ಹುಟ್ಟಿದ ಹಾಗೆ" ಎಂದು ದಿನವೂ ಎರಡೆಲೆ ಪಾಲಕ್ ಹಾಕುತ್ತಾರೆ. ಉಳಿದವರ ಊಟದ ವಿಚಾರ ಮಾತ್ರ ಮನೆಯಲ್ಲಿ ಸೂಕ್ಷ್ಮವಾದದ್ದು. ಫ್ರೀಜರಿನಲ್ಲಿ ಸಿಗಡಿ ಇಡುವ ಪ್ರಸ್ತಾಪ ಚರ್ಚೆಗೇ ಬರದೆ ಬಿದ್ದುಹೋಯಿತು. ಪೆಲೆಟ್ ಡಬ್ಬಿ ಬಂದಾಗ ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಹಸಿರು ಚುಕ್ಕಿ ಎಲ್ಲೋ?" ಎಂದರು. ಮೀನಿನ ಹಿಟ್ಟಿಲ್ಲದೆ ಅಂಥ ಪೆಲೆಟ್ ಆಗುವುದಿಲ್ಲವೆಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಡಬ್ಬಿಗೆ ಬಾಲ್ಕನಿಯಲ್ಲಿ ಬೇರೆ ಗೂಡು ಮಾಡಿಕೊಡಲಾಗಿದೆ.

ಜಗಳ ನೋಡಬೇಕೆಂದರೆ ಸಂಜೆ ಲೈಟು ಹಾಕಿದ ಮೇಲೆ ಹೋಗಬೇಕು. ಆಸ್ಕರ್ ಮೊದಲು ಕಿವಿರಿನ ಮುಚ್ಚಳ ಅಗಲಿಸಿ ತಲೆಯನ್ನು ದೊಡ್ಡದು ಮಾಡಿಕೊಳ್ಳುತ್ತದೆ. ಮೈಬಣ್ಣ ಕಪ್ಪಾಗುತ್ತದೆ, ಕಿತ್ತಳೆ ಗೀರುಗಳು ಕೆಂಡವಾಗುತ್ತವೆ. ಬಾಲದ ಬುಡದಲ್ಲಿ ಕಿತ್ತಳೆ ಉಂಗುರದ ಒಂದು ಹುಸಿಗಣ್ಣಿದೆ. ರೆಕ್ಕೆ ಕಚ್ಚಲು ಬರುವವರಿಗೆ ಹಿಂದು ಮುಂದು ತಿಳಿಯದಿರಲೆಂದು ಆ ಏರ್ಪಾಡು ಎನ್ನುತ್ತಾರೆ. ಎದುರಾಳಿ ಪಕ್ಕಕ್ಕೆ ಬಂದು ಬಾಲ ಬೀಸಿ ನೀರನ್ನು ಮುಖಕ್ಕೆ ತಳ್ಳುತ್ತದೆ. ಅದಕ್ಕೂ ಜಗ್ಗದಿದ್ದರೆ ಬಾಯಿಗೆ ಬಾಯಿ ಕಚ್ಚಿ ತಳ್ಳಾಟ. ಹಿಂದಕ್ಕೆ, ಮುಂದಕ್ಕೆ, ಜಲ್ಲಿಕಲ್ಲಿನ ಮೇಲೆ ಧೂಳೆದ್ದು ನೀರು ಕದಡುವ ತನಕ. ಸೋತವನು ರೆಕ್ಕೆ ಮಡಚಿ, ಬಣ್ಣ ಕಳೆದುಕೊಂಡು ಮೂಲೆ ಸೇರುತ್ತಾನೆ. ಕೆರೆಯಲ್ಲಾದರೆ ಓಡಿಹೋಗಬಹುದಿತ್ತು. ಟ್ಯಾಂಕಿನಲ್ಲಿ ಎಷ್ಟು ಓಡಿದರೂ ಆರಡಿ. ಈ ಮೀನುಗಳ ಸಾವಿಗೆ ಕಾರಣ ಪುಂಡಾಟಕ್ಕಿಂತ ಹೆಚ್ಚಾಗಿ ಈ ಆರಡಿಯೇ.

ಜಗಳಕ್ಕೆ ಮೂಲ ಜಾಗ. ಆ ಕಲ್ಲಿನ ಹಿಂದಿನ ಗೇಣು ನೆಲ ತನ್ನದೆಂದು ಒಬ್ಬ ತೀರ್ಮಾನಿಸಿದನೆಂದರೆ ಖಾತೆ, ಕಂದಾಯ ಏನೂ ಬೇಕಿಲ್ಲ. ಅಲ್ಲಿಗೆ ಹೊಸ ಮೀನು ಬಂತೋ, ಬೆಳಗಾಗುವುದರೊಳಗೆ ಅದರ ರೆಕ್ಕೆ ಚಿಂದಿ. ಹಳಬರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಹೊಸಬನನ್ನು ಬಿಡುವ ಮೊದಲು ಕಲ್ಲು, ಮರದ ಬೊಡ್ಡೆ, ಮಡಕೆ ಎಲ್ಲವನ್ನೂ ಎತ್ತಿ ಬೇರೆ ಕಡೆ ಇಡುವುದು, ಲೈಟು ಆರಿಸುವುದು. ಬೆಳಕಾದಾಗ ಎಲ್ಲರೂ ಹೊಸ ಬಡಾವಣೆಗೆ ಬಂದವರೇ, ಯಾರಿಗೂ ಹಕ್ಕುಪತ್ರವಿಲ್ಲ. ಆಫ್ರಿಕಾದ ಮಲಾವಿ ಸರೋವರದ ಎಂಬುನಾ ಮೀನು ಸಾಕುವವರದು ಇನ್ನೊಂದು ದಾರಿ. ಅವರು ಬೇಕೆಂದೇ ಮೀನು ಕಿಕ್ಕಿರಿಸುತ್ತಾರೆ, ಫಿಲ್ಟರ್ ಮಾತ್ರ ದೊಡ್ಡದು ಹಾಕುತ್ತಾರೆ. ಒಬ್ಬನನ್ನೇ ಗುರಿಯಿಟ್ಟು ಅಟ್ಟಲು ಪುರಸೊತ್ತಿಲ್ಲದೆ ಸಿಟ್ಟು ಎಲ್ಲರಿಗೂ ಹಂಚಿಹೋಗುತ್ತದೆ. ತಲೆಗೆ ಇಷ್ಟಿಷ್ಟು ಬಂದರೆ ಯಾರೂ ಸಾಯುವುದಿಲ್ಲ.

ಸಿಟ್ಟನ್ನು ಹಂಚುವ ಈ ವಿಚಾರದಲ್ಲಿ ಪಂಡಿತನೆಂದರೆ ಆಸ್ಟ್ರಿಯಾದ ಕೊನ್ರಾಡ್ ಲೊರೆನ್ಜ್. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರ ನೊಬೆಲ್ ಹಂಚಿಕೊಂಡ ಮೂವರಲ್ಲಿ ಒಬ್ಬ. ಆಕ್ರಮಣಶೀಲತೆಯ ಬಗ್ಗೆ 1963ರಲ್ಲಿ ಬರೆದ ಪುಸ್ತಕದಲ್ಲಿ ಅವನು ತನ್ನ ಸಿಕ್ಲಿಡ್ ಮೀನುಗಳ ದಾಂಪತ್ಯದ ಕಥೆ ಹೇಳುತ್ತಾನೆ. ಗಂಡು ಹೆಣ್ಣು ಎರಡನ್ನೇ ಒಂದು ತೊಟ್ಟಿಯಲ್ಲಿಟ್ಟರೆ, ಕಾದಾಡಲು ನೆರೆಯವರಿಲ್ಲದ ಗಂಡು ಹೆಂಡತಿಯ ಮೇಲೇ ಬೀಳುತ್ತದೆ, ಕೊಂದರೂ ಕೊಂದೀತು. ತೊಟ್ಟಿಯ ನಡುವೆ ಗಾಜು ನಿಲ್ಲಿಸಿ ಆಚೆ ಇನ್ನೊಂದು ಜೋಡಿ ಬಿಟ್ಟರೆ ಎರಡೂ ಮನೆಯಲ್ಲಿ ಸುಖ. ಗಂಡಸರಿಬ್ಬರೂ ಗಾಜಿನ ಆಚೀಚೆ ಗುರಾಯಿಸಿಕೊಂಡು, ಮನೆಗೆ ಬಂದು ಒಳ್ಳೆಯವರಾಗಿರುತ್ತಾರೆ. ಗಾಜಿನ ಮೇಲೆ ಪಾಚಿ ಕಟ್ಟಿ ಆಚೆಯವರು ಮಬ್ಬಾದರೆ ಮತ್ತೆ ಹೆಂಡತಿಗೆ ಕಷ್ಟ. ಮೀನು ಹೆಂಡತಿಯ ಮೇಲೆ ರೇಗತೊಡಗಿತೆಂದರೆ ಗಾಜು ಒರೆಸುವ ಕಾಲ ಬಂತೆಂದು ತಿಳಿಯುತ್ತಿತ್ತಂತೆ.

ಇದನ್ನು ನಾನು ಭಾವಮೈದುನನ ಮನೆಯಲ್ಲಿ ಹೇಳಿದಾಗ ಅವನ ಹೆಂಡತಿ ತಟ್ಟನೆ ಅಡುಗೆಮನೆಯಿಂದ ಹೊರಬಂದಳು. "ಎದುರು ಫ್ಲಾಟಿನವರು ಊರಿಗೆ ಹೋದಾಗಲೆಲ್ಲ ಇವರು ನನ್ನ ಮೇಲೆ ಯಾಕೆ ಸಿಡುಕ್ತಾರೆ ಅಂತ ಈಗ ಗೊತ್ತಾಯ್ತು ನೋಡಿ."

ಮಾತು ತಿರುಗಿಸಲೆಂದು ನಾನು ಆ ಮೂವರಲ್ಲಿ ಇನ್ನೊಬ್ಬನಾದ ನಿಕೊ ಟಿನ್‌ಬರ್ಗೆನ್‌ನ ಕಥೆ ತೆಗೆದೆ. ನೆದರ್‌ಲೆಂಡ್ಸ್‌ನ ಲೈಡನ್‌ನಲ್ಲಿ ಅವನು ಸಾಕಿದ್ದ ಸ್ಟಿಕಲ್‌ಬ್ಯಾಕ್ ಮೀನುಗಳ ಗಂಡುಗಳಿಗೆ ಬೆದೆಗಾಲದಲ್ಲಿ ಹೊಟ್ಟೆ ಕೆಂಪಾಗುತ್ತದೆ. ಕೆಂಪು ಕಂಡರೆ ಎದುರಾಳಿ ಬಂದನೆಂದೇ ಲೆಕ್ಕ. ಕಿಟಕಿಯಾಚೆ ಅಂಚೆಯ ಕೆಂಪು ವ್ಯಾನು ಹಾದುಹೋದರೂ ಅವು ತಲೆ ಕೆಳಗೆ ಮಾಡಿ ಯುದ್ಧಕ್ಕೆ ನಿಲ್ಲುತ್ತಿದ್ದವಂತೆ. ವ್ಯಾನು ಹೊರಟುಹೋಗುತ್ತಿತ್ತು. ತಾವೇ ಓಡಿಸಿದೆವೆಂದು ಮೀನುಗಳು ತಿಳಿದಿರಬೇಕು. ಕೆಲವು ರಾಜಕೀಯ ಭಾಷಣಗಳನ್ನು ಕೇಳುವಾಗ ನನಗೆ ಈ ವ್ಯಾನಿನ ನೆನಪಾಗುವುದುಂಟು.

ಇಷ್ಟೆಲ್ಲ ಪೌರುಷದ ಮೀನುಗಳೂ ಶರಣಾಗುವುದು ಕಣ್ಣಿಗೆ ಕಾಣದ ಅಮೋನಿಯಾಕ್ಕೆ. ಹೆಚ್ಚು ತಿನ್ನುವವರ ವಿಸರ್ಜನೆಯೂ ಹೆಚ್ಚು. ಫಿಲ್ಟರಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡಿಕೊಡುತ್ತವೆ. ನೈಟ್ರೇಟನ್ನು ಹೊತ್ತು ಹೊರಹಾಕುವ ಕೆಲಸ ಮಾತ್ರ ಯಜಮಾನನದು. ಎರಡಡಿ ಅಗಲ, ಎರಡಡಿ ಎತ್ತರವೆಂದರೆ ಆರಡಿ ಟ್ಯಾಂಕಿಗೆ ಸುಮಾರು 680 ಲೀಟರ್ ನೀರು. ವಾರಕ್ಕೊಮ್ಮೆ ಮೂರರಲ್ಲೊಂದು ಪಾಲು ಬದಲಿಸಿ, ಹೊಸ ನೀರಿಗೆ ಆಂಟಿಕ್ಲೋರಿನ್ ಹನಿ ಹಾಕಬೇಕು. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕಾರು ತೊಳೆಯಲು, ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಾಗ ನಮ್ಮವನಿಗೆ ನಿದ್ದೆ ಬರಲಿಲ್ಲ. ಕೊನೆಗೆ ಟ್ಯಾಂಕಿನ ಹಳೆ ನೀರನ್ನು ಬಕೆಟ್ಟಿನಲ್ಲಿ ತುಂಬಿ ಅಕ್ಕಪಕ್ಕದವರ ಕುಂಡಗಳಿಗೆ ಹಂಚಿದ. ನೈಟ್ರೇಟ್ ಉಂಡ ತುಳಸಿಗಳು ಆ ಬೇಸಿಗೆಯಲ್ಲೂ ಪೊದೆಯಾದವು. ಇತ್ತ ಆಸ್ಕರ್ ಸಾಹೇಬರು ನೀರು ಬದಲಾದ್ದಕ್ಕೆ ಮುನಿಸಿಕೊಂಡು, ಒಂದು ಮಗ್ಗುಲಿಗೆ ಒರಗಿ ಮಲಗಿಬಿಟ್ಟರು. ಅದು ಆ ಜಾತಿಯ ಪ್ರಸಿದ್ಧ ನಾಟಕ. ಪೆಲೆಟ್ ಡಬ್ಬಿ ಅಲುಗಿಸಿದೊಡನೆ ಎದ್ದರು.

ಸಾಕಲಾಗದವರು ಮಾಡುವ ಒಂದು ಕೆಲಸದ ಬಗ್ಗೆ ಮಾತ್ರ ಅವನಿಗೆ ನಿಜವಾದ ಕೋಪ. ರಾತ್ರಿ ಹೊತ್ತು ಬಕೆಟ್ ಹಿಡಿದು ಕೆರೆ ಕಡೆ ಹೋಗುವುದು. ಪಾಪಪುಣ್ಯದ ಲೆಕ್ಕದಲ್ಲಿ ಮೀನಿಗೆ ಬಿಡುಗಡೆ. ಉತ್ತರ ಅಮೆರಿಕದ ಅಲಿಗೇಟರ್ ಗಾರ್ 2023ರಲ್ಲಿ ಕಾಶ್ಮೀರದ ದಾಲ್ ಸರೋವರದಲ್ಲಿ ಸಿಕ್ಕಿತು, ಮೊಸಳೆಯ ಮೂತಿ ಸಮೇತ. ನಮ್ಮ ದೇಶದ ಎಷ್ಟೋ ಕೆರೆ-ಹೊಳೆಗಳಲ್ಲಿ ಸಕ್ಕರ್ ಮೀನು ನೆಲೆಯೂರಿ ಬೆಸ್ತರ ಬಲೆ ಹರಿಯುತ್ತಿದೆ. "ಸಾಕೋಕಾಗ್ದಿದ್ರೆ ಅಂಗಡಿಗೇ ವಾಪಸ್ ಕೊಡಿ, ನನಗೇ ಕೊಡಿ, ಕೆರೆಗೆ ಬೇಡ" ಎಂದು ಹೇಳುವಾಗ ಅವನ ಕಿವಿರುಗಳೂ ಅಗಲವಾದಂತೆ ಕಾಣುತ್ತವೆ.

ಹೋದ ವರ್ಷ ಇವನನ್ನು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಮಾಡಿದರು. ಸಾಧು ಮನುಷ್ಯ, ತೊಂದರೆ ಕೊಡುವುದಿಲ್ಲವೆಂದು. ಆಗ ನೆಲಮಾಳಿಗೆಯಲ್ಲಿ ಪಾರ್ಕಿಂಗ್ ವ್ಯಾಜ್ಯ ತಾರಕದಲ್ಲಿತ್ತು. ಒಬ್ಬರ ಕಾರಿನ ಹಿಂಭಾಗ ಇನ್ನೊಬ್ಬರ ಬಿಳಿ ಗೆರೆಯನ್ನು ಒಂದು ಗೇಣು ದಾಟುತ್ತಿತ್ತು. ವಕೀಲರ ನೋಟೀಸಿನ ಮಾತೂ ಆಗಿತ್ತು. ಇವನು ಯಾರ ಜೊತೆಯೂ ವಾದ ಮಾಡಲಿಲ್ಲ. ಸಭೆ ಕರೆದು, ಚೀಟಿ ಎತ್ತಿಸಿ, ಒಂದು ಭಾನುವಾರ ಎಲ್ಲ ಕಾರುಗಳನ್ನೂ ರಸ್ತೆಗೆ ಕಳಿಸಿ, ರಾತ್ರೋರಾತ್ರಿ ಗೆರೆಗಳನ್ನೇ ಹೊಸದಾಗಿ ಎಳೆಸಿದ. ಸೋಮವಾರ ಬೆಳಿಗ್ಗೆ ಎಲ್ಲರಿಗೂ ಹೊಸ ಜಾಗ, ಹೊಸ ನೆರೆ. ಹಳೆಯ ವೈರಿಗಳಿಬ್ಬರಿಗೂ ಕಂಬದ ಪಕ್ಕದ ಇಕ್ಕಟ್ಟೇ ಬಂತು. ಈಗ ಅವರಿಬ್ಬರೂ ಸಂಜೆ ಲಿಫ್ಟಿನ ಬಳಿ ಜೊತೆಯಾಗಿ ನಿಂತು ಕಾರ್ಯದರ್ಶಿಯನ್ನು ಬೈಯುತ್ತಾರೆ.

"ನಿನಗೆ ಬೇಜಾರಾಗಲ್ವೇನೋ?" ಎಂದೆ.

"ಇಲ್ಲ ಭಾವ," ಎಂದ, "ದಿನಾ ಒಂದ್ಸಲ ಅವರ ಮುಂದೆ ಹಾದುಹೋಗಿ ಬರ್ತೀನಿ. ಕಾಣಿಸ್ತಾ ಇರಬೇಕಲ್ಲ, ಪಾಚಿ ಕಟ್ಟಬಾರದು."